ಬೂಬಮ್ಮನ ಕೈಗುಣ

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆ ಊರು ಬಿಡುವ ಕಡೆ ಅಬ್ದುಲ್ ರಹೀಂ ಸಾಬರ ಗ್ಯಾರೇಜು ಇತ್ತು. ಗ್ಯಾರೇಜು ಎಂದರೆ ದೊಡ್ಡದೇನಲ್ಲ. ತಗಡಿನ ಮಾಡು, ಎಂಜಿನ್ ಎತ್ತಿ ಇಳಿಸಲು ತೊಲೆಗೆ ನೇತುಹಾಕಿದ ಸರಪಳಿ, ಹಿಂದುಗಡೆ ಒಂದು ಬಾಗಿಲು, ಬಾಗಿಲಾಚೆ ಅವರ ಮನೆ. ಬಾಗಿಲಿನ ಈಚೆ ಕನ್ನಡ, ಆಚೆ ಉರ್ದು. ಪುಣಜನೂರಿನಿಂದ ಹಿಡಿದು ಗುಂಡ್ಲುಪೇಟೆ ಆಚೆಯ ಮದ್ದೂರಿನವರೆಗೆ ಯಾರ ಗಾಡಿ ಕೈಕೊಟ್ಟರೂ ಸಾಬರ ಹೆಸರು ಬರುತ್ತಿತ್ತು. ಆದರೆ ಆ ಹೆಸರಿನಲ್ಲಿ ಅರ್ಧ ಪಾಲು ಅವರ ಹೆಂಡತಿ ಮೆಹರುನ್ನಿಸಾ ಅವರದು.

ಆ ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿ ಕಟ್ಟಿದ ಗಾಡಿಗೆ ಮೊದಲ ಸಲ ಕೀ ತಿರುಗಿಸುತ್ತಿದ್ದುದು ಮೆಹರುನ್ನಿಸಾ. ಇದು ಯಾವ ಶಾಸ್ತ್ರದಲ್ಲೂ ಇಲ್ಲ, ಯಾವ ಮೌಲ್ವಿಯೂ ಹೇಳಿದ್ದಲ್ಲ. ಬಹಳ ವರ್ಷಗಳ ಹಿಂದೆ ಉಡಿಗಾಲದವರ ಟೆಂಪೊ ಒಂದು ಬೆಳಗಿನಿಂದ ಸಾಬರನ್ನು ಸತಾಯಿಸುತ್ತಿತ್ತು. ಊಟ ತಂದ ಮೆಹರುನ್ನಿಸಾ ತಮಾಷೆಗೆ, "ಎಲ್ಲರದೂ ಆಯ್ತಲ್ಲ, ನಾನೂ ಒಂದು ಕೈ ನೋಡಲಾ?" ಎಂದು ಹತ್ತಿ ಕೂತು ಕೀ ತಿರುಗಿಸಿದರು. ಟೆಂಪೊ ಸ್ಟಾರ್ಟ್ ಆಗಿಬಿಟ್ಟಿತು. ನಮ್ಮ ಜನಕ್ಕೆ ಅಷ್ಟು ಸಾಕು. ಅಲ್ಲಿಂದ ಮುಂದೆ ಗೌಡರಿರಲಿ, ಶೆಟ್ಟರಿರಲಿ, ಬಾನೆಟ್ಟಿಗೆ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಕಾಯಿ ಒಡೆದು, ಆಮೇಲೆ ಹಿಂಬಾಗಿಲ ಕಡೆ ತಿರುಗಿ "ಬೂಬಮ್ಮಾ, ಬಂದು ಒಂದ್ಸಲ ಕೈ ಆಕವ್ವಾ" ಎಂದು ಕರೆಯುತ್ತಿದ್ದರು. ಬೂಬಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು ಬರುವರು, ಬಿಸ್ಮಿಲ್ಲಾ ಎನ್ನುವರು, ಕೀ ತಿರುಗಿಸುವರು. ಒಂದು ಸಲವೂ ತಪ್ಪಿದ್ದಿಲ್ಲ.

ತಪ್ಪುವುದಾದರೂ ಹೇಗೆ? ಹಿಂದಿನ ಸಂಜೆಯೇ ಸಾಬರು ಒಬ್ಬರೇ ಕೂತು ಗಾಡಿ ಸ್ಟಾರ್ಟ್ ಮಾಡಿ, ಸದ್ದು ಕೇಳಿ, ತೃಪ್ತಿಯಾದ ಮೇಲೆ ಆರಿಸಿ ಮಲಗುತ್ತಿದ್ದರು. ಗ್ಯಾರೇಜಿನಲ್ಲಿ ಯಾವ ಹೊತ್ತಿಗೂ ಯಾವುದೋ ಎಂಜಿನ್ ಸದ್ದು ಇದ್ದದ್ದೇ. ಅದು ಯಾವ ಗಾಡಿಯದು ಎಂದು ಹೆಂಡತಿ ಕೇಳಿದವರಲ್ಲ. ಸಾಬರು ಹೇಳಿದವರೂ ಅಲ್ಲ. ಕೀ ತಿರುಗಿಸಿ ಇಳಿಯುವಾಗ ಮೆಹರುನ್ನಿಸಾ ಅವರ ಮುಖದಲ್ಲಿ ಒಂದು ಬೆಳಕು ಬರುತ್ತಿತ್ತು. ಆ ಬೆಳಕು ಸಾಬರಿಗೆ ಇಷ್ಟವಾಗಿತ್ತು, ಗಿರಾಕಿಗಳು ಬರುವುದೂ ಇಷ್ಟವಾಗಿತ್ತು. ಬಾಯಿ ಬಿಡಬೇಕಾದ ಅಗತ್ಯವೇ ಬಿದ್ದಿರಲಿಲ್ಲ.

ಮಗ ಜಾಕಿರ್ ತಂದೆಯ ಕಸುಬಿಗೆ ಬರಲಿಲ್ಲ. ಗುಂಡ್ಲುಪೇಟೆ ಮಂಡಿಯಿಂದ ಕೇರಳಕ್ಕೆ ತರಕಾರಿ ಲಾರಿ ಓಡಿಸುತ್ತಿದ್ದ. ಅವನ ಹೆಂಡತಿ ನಾಜ್ನೀನ್ ಗುಂಡ್ಲುಪೇಟೆಯ ದರ್ಜಿಯ ಮಗಳು. ಮದುವೆಯಾಗಿ ಮೂರನೇ ವರ್ಷ, ಇನ್ನೂ ಮಕ್ಕಳಿರಲಿಲ್ಲ. ಬೀದಿಯ ಹೆಂಗಸರು ಅವಳ ಮುಖಕ್ಕಿಂತ ಮೊದಲು ಹೊಟ್ಟೆ ನೋಡುತ್ತಿದ್ದರು. ಬಂದ ಹೊಸತರಲ್ಲಿ ಮಾತು ಮಾತಿಗೆ ನಗುತ್ತಿದ್ದ ಹುಡುಗಿ ಬರುಬರುತ್ತಾ ಕೇಳಿದ್ದಕ್ಕಷ್ಟೇ ಉತ್ತರ ಕೊಡುವಂತಾದಳು. ಮಾವನಿಗೆ ಅದು ಕಾಣುತ್ತಿತ್ತು, ಸಂಕಟವಾಗುತ್ತಿತ್ತು. ಹೆಣ್ಣುಮಕ್ಕಳಿಲ್ಲದ ಮನೆ; ಸೊಸೆ ಅವರನ್ನು ಅಬ್ಬಾ ಎಂದು ಕರೆದರೆ ಅವರಿಗೆ ಒಳಗೊಳಗೇ ಹಿಗ್ಗು.

ಆ ಸಂಕಟದಲ್ಲೇ ಅವರಿಗೆ ಒಂದು ಯೋಚನೆ ಹೊಳೆಯಿತು. ಒಂದು ಸಂಜೆ ಊಟಕ್ಕೆ ಕೂತಾಗ ಹೆಂಡತಿಗೆ, "ನಿನ್ನ ಮಂಡಿ ನೋವು ಜಾಸ್ತಿಯಾಗಿದೆ, ಹತ್ತಿ ಇಳಿಯೋದು ಕಷ್ಟ. ಇನ್ನು ಮೇಲೆ ಕೀ ತಿರುಗಿಸೋದನ್ನ ನಾಜ್ನೀನ್ ಮಾಡಲಿ" ಎಂದರು.

"ನಿಮ್ಮಿಷ್ಟ" ಎಂದರು ಮೆಹರುನ್ನಿಸಾ. ನಿಮ್ಮಿಷ್ಟ ಎಂದರೆ ನನಗಿಷ್ಟವಿಲ್ಲ ಎಂದು ಅರ್ಥ. ಸಂಸಾರ ಮಾಡಿದವರಿಗೆ ಗೊತ್ತು. ಆದರೂ ಸಾಬರು ಗೊತ್ತಿಲ್ಲದವರಂತೆ ರೊಟ್ಟಿ ಮುರಿದರು. ನಾಲ್ಕು ಗಾಡಿ ಹುಡುಗಿಯ ಕೈಯಲ್ಲಿ ಸ್ಟಾರ್ಟ್ ಆದರೆ ಊರಿನ ಬಾಯಿ ತಾನಾಗಿ ಮುಚ್ಚುತ್ತದೆ ಎಂಬುದು ಅವರ ಲೆಕ್ಕಾಚಾರ.

ಅಷ್ಟರಲ್ಲಿ ಗುಂಡ್ಲುಪೇಟೆಯ ದೊರೆಸ್ವಾಮಿಯ ಕಾರು ಬಂತು. ದೊರೆಸ್ವಾಮಿ ಬಸ್ ಕಂಡಕ್ಟರ್. ಇಷ್ಟು ವರ್ಷ ಪರರ ಗಾಡಿಗೆ ಸೀಟಿ ಊದಿದ್ದು ಸಾಕು, ಕೆಲಸದ ಜೊತೆಗೆ ಸ್ವಂತದ್ದೂ ಒಂದು ಗಾಡಿ ಇರಲಿ ಎಂದು, ಬಂಡೀಪುರಕ್ಕೆ ಬರುವ ಪ್ರವಾಸಿಗರಿಗೆ ಬಾಡಿಗೆ ಓಡಿಸಲು ಹಳೆಯ ಅಂಬಾಸಿಡರ್ ಒಂದನ್ನು ಕೊಂಡಿದ್ದ. ಅದು ಪೆಟ್ರೋಲ್ ಕಾರು, ಕುಡಿಯುವುದರಲ್ಲಿ ನಿಸ್ಸೀಮ. ಬಾಡಿಗೆಯೆಲ್ಲ ಅದರ ಹೊಟ್ಟೆಗೇ ಹೋಗುತ್ತಿತ್ತು. ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸುವುದು ಆಗ ನಮ್ಮ ಕಡೆ ನಡೆದೇ ಇದ್ದ ಕೆಲಸ. ಚಾಮರಾಜನಗರ ಜಿಲ್ಲಾ ಕೇಂದ್ರವಾಗಿ ಐದಾರು ವರ್ಷವಾಗಿತ್ತು, ಬಾಡಿಗೆ ಕಾರುಗಳಿಗೆ ಬೇಡಿಕೆ ಬಂದಿತ್ತು. ಕೊಯಮತ್ತೂರಿನ ಹಳೇ ಸಾಮಾನಿನ ಅಂಗಡಿಯಿಂದ ಡೀಸೆಲ್ ಎಂಜಿನ್ ಒಂದು ಘಾಟಿ ಹತ್ತಿ ಪುಣಜನೂರು ದಾಟಿ ಸಾಬರ ಗ್ಯಾರೇಜಿಗೆ ಬಂದಿಳಿಯಿತು.

ಡೀಸೆಲ್ ಎಂಜಿನ್ನಿನದು ಒಂದು ಗುಣ. ಕೀ ತಿರುಗಿಸಿದರೆ ಹೊತ್ತುತ್ತದೆ, ಆದರೆ ಕೀ ತೆಗೆದರೆ ಆರುವುದಿಲ್ಲ. ಆರಿಸಬೇಕಾದರೆ ಡೀಸೆಲ್ ಹೋಗುವುದನ್ನೇ ತಡೆಯಬೇಕು. ಅದಕ್ಕೆ ಡ್ರೈವರಿನ ಮುಂದೆ ಒಂದು ಗುಂಡಿ. ಎಳೆದರೆ ಒಳಗಿನ ತಂತಿ ಪಂಪಿನ ಮೇಲಿನ ಚಿಕ್ಕ ಲಿವರನ್ನು ಎಳೆಯುತ್ತದೆ, ಡೀಸೆಲ್ ನಿಲ್ಲುತ್ತದೆ. ಪೆಟ್ರೋಲ್ ಕಾರಿನಲ್ಲಿ ಈ ಗುಂಡಿ ಇರುವುದಿಲ್ಲ, ಚೋಕಿನ ಗುಂಡಿ ಇರುತ್ತದೆ. ಚಳಿ ಹೊತ್ತಿನಲ್ಲಿ ಪೆಟ್ರೋಲ್ ಎಂಜಿನ್ ಬೇಗ ಹೊತ್ತಲಿ ಎಂದು ಎಳೆಯುವ ಗುಂಡಿ ಅದು. ಡೀಸೆಲ್ಲಿಗೆ ಚೋಕ್ ಬೇಡವಲ್ಲ, ಸುಮ್ಮನೆ ಇರುವ ಗುಂಡಿಗೇ ಪಂಪಿನ ತಂತಿ ಸಿಕ್ಕಿಸಿದರೆ ಆಯಿತು ಎಂದುಕೊಂಡು ಸಾಬರು ಹಾಗೇ ಮಾಡಿದರು. ಎಳೆದರೆ ಹೊತ್ತುತ್ತಿದ್ದ ಗುಂಡಿ ಈಗ ಎಳೆದರೆ ಆರುವ ಗುಂಡಿಯಾಯಿತು. ಎಲ್ಲ ಮೆಕ್ಯಾನಿಕ್‌ಗಳೂ ಮಾಡುವ ಉಪಾಯವೇ ಅದು, ತಪ್ಪೇನಿಲ್ಲ.

ಡೀಸೆಲ್ ಎಂಜಿನ್ ತಿರುಗಿಸಲು ದೊಡ್ಡ ಬ್ಯಾಟರಿ ಬೇಕು. ಅದನ್ನು ತಾನೇ ತರುತ್ತೇನೆಂದು ದೊರೆಸ್ವಾಮಿ ಹೇಳಿದ್ದ. "ನಮ್ ಭಾಮೈದ ಬ್ಯಾಟ್ರಿ ಅಂಗ್ಡೀಲೇ ಅವ್ನೆ ಕಣ್ರೀ ಸಾಬ್ರೇ, ಪೂಜೆ ದಿನ ಕೈಲೇ ಇಡ್ಕೊಂಡ್ ಬತ್ತೀನಿ" ಎಂದಿದ್ದ. ಹಾಗಾಗಿ ಹಿಂದಿನ ಸಂಜೆ ಕಾರಿನಲ್ಲಿ ಬ್ಯಾಟರಿಯೇ ಇರಲಿಲ್ಲ. ಪಕ್ಕದ ಲಾರಿಯಿಂದ ಒಂದನ್ನು ಕೇಳಿ ತಂದು ನೋಡಬಹುದಿತ್ತು. ಸಾಬರು ನೋಡಲಿಲ್ಲ. ಇಷ್ಟು ವರ್ಷದ ಕೈ, ನೋಡುವುದೇನು ಎಂಬ ಸಣ್ಣ ಜಂಬವೂ ಇತ್ತು.

ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ, ದೊರೆಸ್ವಾಮಿ ಬಂದ. ಜೊತೆಗೆ ಹೆಂಡತಿ ಸುಂದ್ರಮ್ಮ, ಅವಳ ಕೈಯಲ್ಲಿ ಪೂಜೆ ತಟ್ಟೆ, ಹಿಂದೆ ನಾಲ್ಕೈದು ನೆಂಟರು. ಬ್ಯಾಟರಿ ಕೂತಿತು. ಬಾನೆಟ್ಟಿಗೆ ಚೆಂಡುಹೂವಿನ ಹಾರ ಬಿತ್ತು. ಟೀ ಅಂಗಡಿಯವರು, ಟೈರ್ ಅಂಗಡಿಯವರು ಎಲ್ಲ ಬಂದು ನಿಂತರು. ಸುಂದ್ರಮ್ಮ ಹಿಂಬಾಗಿಲ ಕಡೆ ನೋಡಿ, "ಎಲ್ಲಿ, ಬೂಬಮ್ಮ?" ಎಂದಳು.

"ಈ ಸಲ ನಮ್ಮ ಸೊಸೆ ಕೈಯಲ್ಲಿ ಮಾಡಿಸೋಣ ಅಂತ" ಎಂದರು ಸಾಬರು.

ಸುಂದ್ರಮ್ಮನ ಮುಖ ಸ್ವಲ್ಪ ಚಿಕ್ಕದಾಯಿತು. "ಆಗ್ಲಿ ಬುಡಿ. ಮನೆ ಬೆಳಗೋ ಹೆಣ್ಮಗ ತಾನೆ" ಎಂದಳು.

ನಾಜ್ನೀನ್ ಹಬ್ಬದ ಸಲ್ವಾರ್ ಹಾಕಿಕೊಂಡು ಬಂದಿದ್ದಳು. ಸೀಟಿನಲ್ಲಿ ಕೂತಳು. ಕಿಟಕಿಯ ಹತ್ತಿರ ಬಾಗಿದ ಮಾವನಿಗೆ ಮೆಲ್ಲಗೆ, "ಅಬ್ಬಾ, ಆಗದಿದ್ದರೆ?" ಎಂದಳು.

"ಆಗದೆ ಏನು ಮಗಳೇ? ನಾನಿಲ್ವಾ?" ಎಂದ ಸಾಬರು ಕಿಟಕಿಯೊಳಗೆ ಕೈ ಚಾಚಿದರು. ಚಳಿ ಬೇರೆ ಇದೆ, ಹುಡುಗಿಗೆ ಒಂದೇ ಸಲಕ್ಕೆ ಆಗಲಿ ಎಂದು ಎಂಜಿನ್ ಬೆಚ್ಚಗಾಗಿಸುವ ಹೀಟರ್ ಸ್ವಿಚ್ ಒತ್ತಿ ಹಿಡಿದರು, ಗುಂಡಿ ಎಳೆದರು, ತೃಪ್ತಿಯಿಂದ ಹಿಂದೆ ಸರಿದು "ಹ್ಞೂಂ, ತಿರುಗಿಸು" ಎಂದರು.

ಅವಳು ಬಿಸ್ಮಿಲ್ಲಾ ಎಂದು ತಿರುಗಿಸಿದಳು. ಎಂಜಿನ್ ತಿರುಗಿತು, ತಿರುಗುತ್ತಲೇ ಇತ್ತು, ಹೊತ್ತಲಿಲ್ಲ. ಹೊಸ ಎಂಜಿನ್ ಅಲ್ಲವೇ, ಎರಡನೇ ಸಲಕ್ಕೆ ಆಗುತ್ತದೆ ಎಂದು ಯಾರೋ ಅಂದರು. ಎರಡನೇ ಸಲಕ್ಕೂ ಆಗಲಿಲ್ಲ. ಮೂರನೇ ಸಲಕ್ಕೆ ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಜ್ನೀನ್ ಕೀ ಬಿಟ್ಟು ಕೈಯನ್ನು ಮಡಿಲಲ್ಲಿ ಅಡಗಿಸಿಕೊಂಡಳು.

"ಇಳೀಬೇಡ, ಅಲ್ಲೇ ಕೂತಿರು" ಎಂದು ಸಾಬರು ಬಾನೆಟ್ಟು ಎತ್ತಿದರು. ಹಾರ ಜಾರಿ ನೆಲಕ್ಕೆ ಬಿತ್ತು. ಸುಂದ್ರಮ್ಮ ಅದನ್ನು ಎತ್ತಿಕೊಂಡು ಕಣ್ಣಿಗೊತ್ತಿಕೊಂಡಳು.

ಹೊಗೆಕೊಳವೆಯಲ್ಲಿ ಒಂದೆಳೆ ಹೊಗೆ ಇರಲಿಲ್ಲ. ಹೊಗೆ ಇಲ್ಲವೆಂದರೆ ಎಂಜಿನ್ನಿಗೆ ಡೀಸೆಲ್ ಹೋಗುತ್ತಿಲ್ಲ. ಪೈಪಿನಲ್ಲಿ ಗಾಳಿ ಸೇರಿಕೊಂಡಿರಬೇಕು ಎಂದುಕೊಂಡ ಸಾಬರು ಫಿಲ್ಟರಿನ ಸ್ಕ್ರೂ ಸಡಿಲಿಸಿ ಕೈಯಿಂದ ಪಂಪು ಒತ್ತಿದರು. ಡೀಸೆಲ್ ಚೆನ್ನಾಗಿಯೇ ಬಂತು, ಒಂದು ಗುಳ್ಳೆಯೂ ಇರಲಿಲ್ಲ. ಸ್ಕ್ರೂ ಬಿಗಿ ಮಾಡಿ, "ಈಗ ತಿರುಗಿಸು" ಎಂದರು. ಇಲ್ಲ. ಎಂಜಿನ್ ತಲೆಯ ಮೇಲಿನ ಪೈಪಿನ ನಟ್ಟು ಸಡಿಲಿಸಿ ಮತ್ತೆ ತಿರುಗಿಸಲು ಹೇಳಿದರು. ಅಲ್ಲಿ ಡೀಸೆಲ್ ಚಿಮ್ಮಬೇಕಿತ್ತು, ಹನಿಯೂ ಬರಲಿಲ್ಲ. ಅಂದರೆ ಪಂಪಿನವರೆಗೆ ಬರುತ್ತಿದೆ, ಪಂಪಿನಿಂದಾಚೆಗೆ ಹೋಗುತ್ತಿಲ್ಲ. ಪಂಪೇ ಕೆಟ್ಟಿದ್ದರೆ ಮುಗಿಯಿತು. ಬಿಚ್ಚಿ ಮೈಸೂರಿಗೆ ಕಳಿಸಬೇಕು. ತಾವೇ ನೋಡಿ ಆರಿಸಿ ತಂದ ಎಂಜಿನ್. ಚಳಿಯಲ್ಲೂ ಸಾಬರ ಕುತ್ತಿಗೆಯಲ್ಲಿ ಬೆವರು ಇಳಿಯಿತು.

ಹಿಂದೆ ಮಾತು ಆಗಲೇ ಶುರುವಾಗಿತ್ತು. "ಕೈ ಬದಲಾಯಿಸ್ಬಾರ್ದಿತ್ತು ಕಣ" ಎಂದಿತು ಒಂದು ದನಿ. "ಒಂದೊಂದು ಕೈ ಅಂಗೇ ಬುಡು. ಮಕ್ಳು ಮರಿ ಬೇರೆ ಇಲ್ವಂತೆ" ಎಂದಿತು ಇನ್ನೊಂದು. ಪಿಸುಮಾತು ಎಂದೇ ಅವರು ಆಡಿದ್ದು. ನಮ್ಮೂರಿನ ಪಿಸುಮಾತು ರಸ್ತೆಯಾಚೆಗೂ ಕೇಳುತ್ತದೆ. ನಾಜ್ನೀನ್ ಸ್ಟೀರಿಂಗ್ ನೋಡುತ್ತಾ ಕೂತಿದ್ದಳು. ಸಾಬರಿಗೆ ಅವಳ ಕಡೆ ನೋಡಲು ಧೈರ್ಯ ಬರಲಿಲ್ಲ.

ಪಂಪು ಬಿಚ್ಚಲೆಂದು ಸ್ಪ್ಯಾನರ್ ಹಿಡಿದು ಬಗ್ಗಿದರು. ಆಗ ಕಂಡಿತು. ಪಂಪಿನ ಮೇಲಿನ ಚಿಕ್ಕ ಲಿವರು ಪೂರ್ತಿ ಹಿಂದಕ್ಕೆ ಬಂದು ನಿಂತಿತ್ತು, ತಂತಿ ಬಿಗಿಯಾಗಿತ್ತು. ಯಾರೋ ಗುಂಡಿ ಎಳೆದಿದ್ದಾರೆ. ಯಾರು ಎಳೆದರು ಎಂದು ಸಿಟ್ಟು ಬಂತು, ಬೈಯಲು ತಲೆಯನ್ನೂ ಎತ್ತಿದರು. ಎತ್ತಿದ ತಲೆ ಅಲ್ಲಿಯೇ ನಿಂತಿತು. ಹುಡುಗಿಗೆ ಒಂದೇ ಸಲಕ್ಕೆ ಆಗಲಿ ಎಂದು ಎಳೆದದ್ದು ತಾವೇ. ಜೀವಮಾನವೆಲ್ಲ ಪೆಟ್ರೋಲ್ ಗಾಡಿಗೆ ಚೋಕ್ ಎಳೆದ ಕೈ, ಚಳಿ ಎಂದ ಕೂಡಲೇ ಎಳೆದಿತ್ತು. ಅದರ ತಂತಿ ಬದಲಿಸಿದ್ದೂ ಇದೇ ಕೈ.

ನಾಚಿಕೆ ಎಂದರೆ ಏನೆಂದು ಸಾಬರಿಗೆ ಆಗ ಗೊತ್ತಾಯಿತು. ಮೆಕ್ಯಾನಿಕ್ ಕೆಲಸ ಕಲಿಯಲು ಬಂದವನು ಮಾಡಿದ್ದರೆ ತಲೆಗೆ ಮೊಟಕುತ್ತಿದ್ದರು. ನಟ್ಟು ಬಿಗಿ ಮಾಡಿ, ಕೈ ಒರೆಸಿಕೊಂಡು, ಡ್ಯಾಶ್‌ಬೋರ್ಡಿನ ಕೆಳಗೆ ವೈರು ನೋಡುವವರಂತೆ ಕಿಟಕಿಯೊಳಗೆ ಬಗ್ಗಿ ಗುಂಡಿಯನ್ನು ಒಳಕ್ಕೆ ತಳ್ಳಿದರು. ಯಾರಿಗೂ ಕಾಣದಂತೆ ಮೈ ಅಡ್ಡ ಕೊಟ್ಟೇ ತಳ್ಳಿದರು. ಇನ್ನೇನು, ಇನ್ನೊಂದು ಸಲ ತಿರುಗಿಸು ಮಗಳೇ ಎಂದರೆ ಎಲ್ಲ ಸರಿಹೋಗುತ್ತಿತ್ತು.

ಅಷ್ಟರಲ್ಲಿ ಸುಂದ್ರಮ್ಮ, "ಆ ಮಗೀನ ಇಳ್ಸಿ ಸಾಬ್ರೇ. ಬೂಬಮ್ಮನ್ನೇ ಕರೀರಿ. ಒಳ್ಳೆ ಗಳಿಗೆ ಮೀರ್ತದೆ" ಎಂದಳು. ಎಲ್ಲರೂ ಹೌದು ಹೌದು ಎಂದರು. ನಾಜ್ನೀನ್ ಯಾರೂ ಹೇಳುವ ಮೊದಲೇ ಇಳಿದುಬಿಟ್ಟಳು. ಹಿಂಬಾಗಿಲಲ್ಲಿ ಮೆಹರುನ್ನಿಸಾ ಆಗಲೇ ನಿಂತಿದ್ದರು, ತಲೆಯ ಮೇಲೆ ಸೆರಗೂ ಇತ್ತು.

ಸಾಬರು ಬಾಯಿ ತೆರೆದರು. ಸುತ್ತ ಇಷ್ಟು ಜನ, ಗುಂಡ್ಲುಪೇಟೆಗೆಲ್ಲ ಸುದ್ದಿ ಹೊತ್ತುಕೊಂಡು ಹೋಗುವ ಕಂಡಕ್ಟರ್, ಬಾಗಿಲಲ್ಲಿ ಹೆಂಡತಿಯ ಮುಖ. ಚೋಕಿಗೂ ಸ್ಟಾಪಿಗೂ ವ್ಯತ್ಯಾಸ ಮರೆತ ಉಸ್ತಾದ್ ಎಂದು ನಾಳೆ ಟೀ ಅಂಗಡಿಯಲ್ಲಿ ನಗುತ್ತಾರೆ. ತೆರೆದ ಬಾಯಿಂದ ಬಂದದ್ದು ಒಂದೇ ಮಾತು: "ಬಾ."

ಮೆಹರುನ್ನಿಸಾ ಕೂತು, ಬಿಸ್ಮಿಲ್ಲಾ ಎಂದು, ಕೀ ತಿರುಗಿಸಿದರು. ಕಾರು ಗುಡುಗಿ ಎದ್ದಿತು. ಜನ ಹೋ ಎಂದರು. ದೊರೆಸ್ವಾಮಿ ಖುಷಿಗೆ ಜೇಬಿನ ಸೀಟಿ ತೆಗೆದು ಊದಿಯೇಬಿಟ್ಟ. ಸಾಬರು ಸೊಸೆಗಾಗಿ ಸುತ್ತ ನೋಡಿದರು. ಅವಳು ಅಲ್ಲಿರಲಿಲ್ಲ.

ಸುದ್ದಿ ಬಸ್ಸಿನಲ್ಲಿ ಹೋಯಿತು. ದೊರೆಸ್ವಾಮಿ ಕೆಟ್ಟವನಲ್ಲ, ಆದರೆ ಟಿಕೆಟ್ ಹರಿಯುತ್ತಾ ಮಾತಾಡದಿದ್ದರೆ ಅವನಿಗೆ ದಾರಿ ಸಾಗುವುದಿಲ್ಲ. ಸೊಸೆ ಕೈ ಇಟ್ಟಾಗ ಜಪ್ಪಯ್ಯ ಎನ್ನದ ಎಂಜಿನ್ ಅತ್ತೆ ಮುಟ್ಟುತ್ತಲೇ ಎದ್ದ ಕತೆ ತೆರಕಣಾಂಬಿಯಲ್ಲಿ ಹತ್ತಿದವರಿಗೂ ತಿಳಿಯಿತು, ಬೇಗೂರಿನಲ್ಲಿ ಇಳಿದವರಿಗೂ ತಿಳಿಯಿತು. ಗುಂಡ್ಲುಪೇಟೆಯ ದರ್ಜಿಯ ಹೆಂಡತಿ, ನಾಜ್ನೀನಳ ತಾಯಿ, ಫೋನು ಮಾಡಿ ಅತ್ತಳು. ಮಂಡಿಯಲ್ಲಿ ಯಾರೋ ಜಾಕಿರನಿಗೆ, "ಲೋಡ್ ಆಕೋಕೆ ಮುಂಚೆ ಎಂಡ್ರ ಮುಖ ನೋಡ್ಕಂಡ್ ಬರ್ಬ್ಯಾಡ ಕಣ್ಲಾ" ಎಂದು ಹಾಸ್ಯ ಮಾಡಿದರಂತೆ. ಅವನು ಅಲ್ಲಿ ಕೈ ಕೈ ಮಿಲಾಯಿಸಿ, ಮನೆಗೆ ಬಂದು ಹೆಂಡತಿಯ ಹತ್ತಿರ ಏನೂ ಹೇಳದೆ ಮಲಗಿದ. ಏನೂ ಹೇಳದೇ ಇದ್ದದ್ದರಿಂದಲೇ ಅವಳಿಗೆ ಎಲ್ಲ ತಿಳಿಯಿತು.

ಮೆಹರುನ್ನಿಸಾ ಸೊಸೆಯನ್ನು ಒಂದು ಮಾತೂ ಆಡಲಿಲ್ಲ. ಮಂಡಿ ನೋವಂತೂ ಎಲ್ಲಿಗೆ ಹೋಯಿತೋ ಕಾಣೆ, ಓಡಾಟ ಚುರುಕಾಯಿತು. ನಾಜ್ನೀನ್ ಮಾತ್ರ ಒಂದೊಂದೇ ಕೆಲಸ ಬಿಡತೊಡಗಿದಳು. ಹಾಲಿಗೆ ಹೆಪ್ಪು ಹಾಕಲು ಅತ್ತೆಯನ್ನು ಕರೆಯುವಳು. ಪಕ್ಕದ ಮನೆಯವರು ಹೊಸ ಒಲೆ ತಂದಾಗ ನೋಡಲೂ ಹೋಗಲಿಲ್ಲ. "ನೀವೇ ಮಾಡಿ ಅಮ್ಮಿ, ನನ್ನ ಕೈ ಬೇಡ" ಎಂಬುದು ಅವಳ ಮಾಮೂಲಿ ಮಾತಾಯಿತು. ಅದನ್ನು ಕೇಳಿದಾಗಲೆಲ್ಲ ಸಾಬರು ಊಟ ಅರ್ಧಕ್ಕೇ ಬಿಟ್ಟು ಗ್ಯಾರೇಜಿಗೆ ಎದ್ದು ಹೋಗುತ್ತಿದ್ದರು.

ಹೇಳಲು ಅವರು ಪ್ರಯತ್ನವನ್ನೇ ಮಾಡಲಿಲ್ಲ ಎನ್ನುವಂತಿಲ್ಲ. ಒಂದು ದಿನ ಹೆಂಡತಿಯ ಹತ್ತಿರ, "ಅವತ್ತು ಆ ದೊರೆಸ್ವಾಮಿ ಗಾಡಿ..." ಎಂದು ಶುರುಮಾಡಿದರು. "ಆ ಮಾತು ಬೇಡ, ಹುಡುಗಿ ಕೇಳಿಸಿಕೊಂಡರೆ ನೊಂದುಕೊಳ್ತಾಳೆ" ಎಂದು ಮೆಹರುನ್ನಿಸಾ ತಡೆದರು. ಸಾಬರು ತಡೆಯಲಿ ಎಂದೇ ಕಾದಿದ್ದವರಂತೆ ಸುಮ್ಮನಾದರು. ಮಸೀದಿಯಲ್ಲಿ ಹಣೆ ಊರಿದಾಗ ನಾಳೆ ಹೇಳುತ್ತೇನೆ ಎನ್ನುವರು. ನಾಳೆ ಯಾವುದೋ ಲಾರಿಯ ಕ್ಲಚ್ ಬರುವುದು, ಮಾತು ನಾಡಿದ್ದಕ್ಕೆ ಹೋಗುವುದು. ದಿನ ಕಳೆದಂತೆ ಹೇಳುವುದು ಇನ್ನೂ ಕಷ್ಟವಾಯಿತು. ಯಾಕೆ ಇಷ್ಟು ದಿನ ಹೇಳಲಿಲ್ಲ ಎಂಬ ಪ್ರಶ್ನೆಯೂ ಈಗ ಅದರ ಜೊತೆಗೆ ಸೇರಿಕೊಂಡಿತ್ತು.

ರಂಜಾನಿಗೆ ಇನ್ನೂ ದಿನಗಳಿದ್ದವು. ಒಂದು ಮಧ್ಯಾಹ್ನ ದೊರೆಸ್ವಾಮಿ ಆಯಿಲ್ ಬದಲಿಸಲೆಂದು ಅಂಬಾಸಿಡರ್ ತಂದ. ಜೊತೆಗೆ ಸೋಮಯ್ಯ ಎಂಬ ಗೆಳೆಯನನ್ನೂ ಕರೆತಂದಿದ್ದ. ಸೋಮಯ್ಯನಿಗೆ ತನ್ನ ಜೀಪಿಗೂ ಡೀಸೆಲ್ ಎಂಜಿನ್ ಹಾಕಿಸಬೇಕಿತ್ತು. ಮಾತುಕತೆಯೆಲ್ಲ ಮುಗಿದ ಮೇಲೆ ಅವನು ಹೇಳಿದ:

"ಒಂದೇ ಮಾತು ಸಾಬ್ರೇ. ಕೀ ಮಾತ್ರ ಬೂಬಮ್ಮನ ಕೈಲೇ ತಿರುಗ್ಸಿ. ಆ ಸೊಸೆ ಕೈ ಬ್ಯಾಡ ಕಣ್ರೀ. ದೊರೆ ಎಲ್ಲಾ ಹೇಳವ್ನೆ."

ನಾಜ್ನೀನ್ ಟೀ ತಂದು ಬಾಗಿಲಲ್ಲಿ ನಿಂತಿದ್ದಳು. ಸಾಬರು ಅವಳನ್ನು ನೋಡಿದರು. ಅವಳಿಗೆ ಸಿಟ್ಟು ಬಂದಿರಲಿಲ್ಲ, ಅಳುವೂ ಬಂದಿರಲಿಲ್ಲ. ಸೋಮಯ್ಯ ಹೇಳಿದ್ದು ನ್ಯಾಯವೇ ಎಂಬಂತೆ ಅವಳು ಮೆಲ್ಲಗೆ ತಲೆಯಾಡಿಸಿದಳು.

ಅವಳು ತಲೆಯಾಡಿಸಿದ್ದನ್ನು ಸಾಬರಿಗೆ ತಡೆದುಕೊಳ್ಳಲು ಆಗಲಿಲ್ಲ. "ಸೋಮಯ್ಯ, ಆ ಗಾಡಿ ಸ್ಟಾರ್ಟ್ ಆಗ್ದೆ ಇದ್ದದ್ದು ನನ್ನಿಂದ" ಎಂದರು. ದನಿ ಅವರಿಗೇ ಜೋರಾಗಿ ಕೇಳಿಸಿತು. "ಹುಡುಗಿ ಕೈದೇನೂ ತಪ್ಪಿಲ್ಲ. ಚೋಕ್ ಅಂದ್ಕೊಂಡು ಸ್ಟಾಪ್ ಗುಂಡಿ ಎಳೆದಿದ್ದೆ ನಾನು."

ದೊರೆಸ್ವಾಮಿ ನಕ್ಕ. "ಏನ್ ಸಾಬ್ರೇ ನೀವು! ಈ ಜಿಲ್ಲೇಲಿ ನಿಮ್ಗಿಂತ ಎಂಜಿನ್ ಬಲ್ಲೋರು ಯಾರವ್ರೆ? ಸೊಸೆ ಮಾನ ಉಳ್ಸೋಕೆ ತಪ್ಪ ತಲೆ ಮ್ಯಾಲೆ ಆಕ್ಕೊಂಡ್ರಾ? ದೊಡ್ಡ ಮನ್ಸ ಕಣ್ರೀ ನೀವು."

"ಇಲ್ಲಪ್ಪಾ, ನಿಜ ಹೇಳ್ತಿದೀನಿ. ಬಾ ಇಲ್ಲಿ." ಸಾಬರು ಅವನ ರಟ್ಟೆ ಹಿಡಿದು ಕಾರಿನ ಹತ್ತಿರ ಎಳೆದುಕೊಂಡು ಹೋದರು. ಗುಂಡಿ ಎಳೆದು, "ತಿರುಗಿಸು" ಎಂದರು. ಎಂಜಿನ್ ಬರಿದೇ ತಿರುಗಿತು. ಗುಂಡಿ ತಳ್ಳಿ, "ಈಗ" ಎಂದರು. ಹೊತ್ತಿತು. "ಕಂಡೆಯಾ? ಇಷ್ಟೇ. ಕೈಗುಣ ಗಿಯಿಗುಣ ಏನೂ ಅಲ್ಲ."

"ಗುಂಡಿ ಎಳುದ್ರೆ ಗಾಡಿ ನಿಲ್ತದೆ ಅನ್ನೋದು ನಂಗೂ ಗೊತ್ತು ಬುಡಿ, ದಿನಾ ಎಳೀತೀನಿ" ಎಂದ ದೊರೆಸ್ವಾಮಿ ಸಮಾಧಾನ ಮಾಡುವ ದನಿಯಲ್ಲಿ. "ಅವತ್ತು ಎಳ್ದಿತ್ತು ಅಂತ ಕಂಡೋರು ಯಾರು? ಇರ್ಲಿ. ನಾವೂ ಎಣ್ಮಕ್ಳ ಎತ್ತೋರೇ, ಅರ್ಥ ಆಯ್ತದೆ." ಸೋಮಯ್ಯನೂ ಕೈ ಮುಗಿದ. "ಇಂಥ ಮಾವ ಸಿಕ್ಕೋಕೆ ಪುಣ್ಯ ಮಾಡಿರ್ಬೇಕು" ಎಂದ.

ಗಲಾಟೆ ಕೇಳಿ ಮೆಹರುನ್ನಿಸಾ ಹೊರಗೆ ಬಂದಿದ್ದರು. "ಅವರು ಯಾವತ್ತೂ ಇಂಗೇ ಕಣಪ್ಪಾ. ಬ್ಯಾರೇರ ತಪ್ಪೂ ನಂದೇ ಅಂತಾರೆ" ಎಂದರು ಹೆಮ್ಮೆಯಿಂದ. ಸಾಬರಿಗೆ ಬೈಗುಳವಾದರೂ ಇದಕ್ಕಿಂತ ಹಿತವಾಗಿರುತ್ತಿತ್ತು. ಒಂದು ಕಡೆ ತಪ್ಪು ತೊಳೆಯಲು ಹೋದರೆ ಇನ್ನೊಂದು ಕಡೆ ಹೂವಿನ ಹಾರ ಬೀಳುತ್ತಿತ್ತು.

ನಾಜ್ನೀನ್ ಟೀ ತಟ್ಟೆಯನ್ನು ಬೆಂಚಿನ ಮೇಲಿಟ್ಟಳು. ಗಿರಾಕಿಗಳ ಮುಂದೆ ಎಂದೂ ಮಾತಾಡದವಳು ಉರ್ದುವಿನಲ್ಲಿ, "ಅಬ್ಬಾ, ನೀವು ಗುಂಡಿ ಎಳೆದದ್ದನ್ನ ನಾನು ನೋಡಿದ್ದೆ" ಎಂದಳು.

ಮೆಹರುನ್ನಿಸಾ ಅವರ ಮುಖದ ನಗು ನಿಂತಿತು.

"ನೋಡಿದ್ದೆ" ಎಂದಳು ಅವಳು ಮತ್ತೆ. "ನನಗೆ ಸುಲಭವಾಗಲಿ ಅಂತ ಏನೋ ಮಾಡಿಕೊಡ್ತಿದೀರಿ ಅಂದುಕೊಂಡೆ. ಅಬ್ಬಾ ಇಷ್ಟು ಮಾಡಿಕೊಟ್ಟರೂ ಆಗಲಿಲ್ಲ ಅಂದಮೇಲೆ ನನ್ನ ಕೈ ಎಂಥ ಕೈ ಅಂತ ಇಷ್ಟು ದಿನ ಅದನ್ನೇ ಯೋಚನೆ ಮಾಡಿದೆ. ತಪ್ಪು ನಿಮ್ಮದಿರಬಹುದು ಅಂತ ಒಂದು ಸಲವೂ ಹೊಳೆಯಲಿಲ್ಲ." ಆಮೇಲೆ ಕೇಳಿದಳು: "ನಿಮಗೆ ಯಾವಾಗ ಗೊತ್ತಾಯಿತು?"

ಸಾಬರ ಕಣ್ಣು ನೆಲಕ್ಕಿಳಿಯಿತು. ನಿನ್ನೆ ಎನ್ನಬಹುದಿತ್ತು. ಈಗ ಕಾರು ಬಂದಾಗ ಹೊಳೆಯಿತು ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು, ಇಷ್ಟು ದಿನ ಎಲ್ಲವನ್ನೂ ನಂಬಿದವಳು ಅದನ್ನೂ ನಂಬುತ್ತಿದ್ದಳು. ಅವಳ ಆ ನಂಬಿಕೆ ನೆನೆದೇ ಸಾಬರಿಗೆ ತಮ್ಮ ಮೇಲೆ ಹೇಸಿಗೆಯಾಯಿತು.

"ಅವತ್ತೇ" ಎಂದರು. "ನಿನ್ನ ಅತ್ತೆ ಬಂದು ಕೂರೋದಕ್ಕೆ ಮೊದಲೇ."

ನಾಜ್ನೀನ್ ತಿರುಗಿ ಒಳಗೆ ಹೋದಳು. ಮೆಹರುನ್ನಿಸಾ ಗಂಡನನ್ನು ಒಂದು ಗಳಿಗೆ ದಿಟ್ಟಿಸಿ, ತಾವೂ ಅವಳ ಹಿಂದೆಯೇ ಹೋದರು.

ಉರ್ದು ಬಾರದ ದೊರೆಸ್ವಾಮಿ ಟೀ ಲೋಟ ಕೈಗೆತ್ತಿಕೊಂಡು, "ಏನಂತೆ ಸಾಬ್ರೇ ಸೊಸೆ? ಸಂತೋಸಕ್ಕೆ ಅತ್ಲಾ?" ಎಂದು ಕೇಳಿದ.

ಸಾಬರು ಅವನ ಮುಖ ನೋಡಿದರು. ಆಮೇಲೆ ಅವನಿಗೆ ಅರ್ಥವಾಗುವ ಕನ್ನಡದಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದರು. "ಗುಂಡಿ ಎಳೆದದ್ದು ನಾನು ಅಂತ ನನಗೆ ಅವತ್ತೇ ಗೊತ್ತಾಗಿತ್ತು ದೊರೆಸ್ವಾಮಿ. ನೀವೆಲ್ಲ ಹುಡುಗಿ ಕೈ ಸರಿಯಿಲ್ಲ ಅಂತಿದ್ರಲ್ಲ, ಆಗಲೇ ಗೊತ್ತಿತ್ತು. ಗೊತ್ತಿದ್ದೂ ಅವಳು ಇಳಿಯೋದಕ್ಕೆ ಬಿಟ್ಟೆ. ನೀನು ಬಸ್ಸಿನಲ್ಲಿ ಹೇಳಿಕೊಂಡು ತಿರುಗುವಾಗಲೂ ಸುಮ್ಮನಿದ್ದೆ. ಮನೆಯಲ್ಲಿ ಅವಳು ನನ್ನ ಕೈ ಬೇಡ ಅನ್ನೋದು ಕೇಳಿಸ್ತಿತ್ತು, ಆಗಲೂ ಸುಮ್ಮನಿದ್ದೆ."

ದೊರೆಸ್ವಾಮಿ ಲೋಟವನ್ನು ತುಟಿಯ ತನಕ ಒಯ್ದಿದ್ದವನು ಹಾಗೇ ಕೆಳಗಿಟ್ಟ. ಸೋಮಯ್ಯ ಚಪ್ಪಲಿಯ ತುದಿ ನೋಡುತ್ತಾ ನಿಂತ. ಅಂಬಾಸಿಡರಿನ ಎಂಜಿನ್ ಇನ್ನೂ ಓಡುತ್ತಲೇ ಇತ್ತು, ಅದನ್ನು ಆರಿಸಬೇಕೆಂದು ಯಾರಿಗೂ ತೋಚಲಿಲ್ಲ. ಈ ಸಲ ಸಾಬರನ್ನು ಯಾರೂ ದೊಡ್ಡ ಮನುಷ್ಯ ಎನ್ನಲಿಲ್ಲ.